ನಿದ್ರೆಯನ್ನು ಅಳೆಯುವ ಧರಿಸುವ ಸಾಧನಗಳು: ಸಾರ್ವಜನಿಕರಿಗೆ ಮಾಹಿತಿ

ಕೈಗಡಿಯಾರ, ಪಟ್ಟಿ ಅಥವಾ ಉಂಗುರದ ರೂಪದ ಸಾಧನಗಳು ನಿದ್ರೆಯ ಅವಧಿ ಹಾಗೂ ಗುಣಮಟ್ಟವನ್ನು ಅಂಕಿಗಳಲ್ಲಿ ತೋರಿಸುತ್ತವೆ. ಇವು ದಿನಚರಿಯನ್ನು ತಿದ್ದಿಕೊಳ್ಳಲು ನೆರವಾಗುತ್ತವೆಯೇ ಹೊರತು ರೋಗನಿರ್ಣಯಕ್ಕೆ ಬದಲಿಯಲ್ಲ. ಇವುಗಳ ಬಳಕೆ ಹಾಗೂ ಮಿತಿಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಸಾಧನವು ಅಳೆಯುವುದೇನು?

ಸಾಧನದೊಳಗಿನ ಸಂವೇದಕವು ಕೈಯ ಚಲನೆಯನ್ನು ಗುರುತಿಸುತ್ತದೆ. ಚರ್ಮದ ಮೇಲೆ ಬೀಳುವ ಬೆಳಕಿನ ನೆರವಿನಿಂದ ನಾಡಿಬಡಿತವನ್ನು ದಾಖಲಿಸಲಾಗುತ್ತದೆ. ಇವೆರಡರ ಆಧಾರದ ಮೇಲೆ ನಿದ್ರೆಯನ್ನು ಅಂದಾಜು ಮಾಡಲಾಗುತ್ತದೆ. ಆಸ್ಪತ್ರೆಯಲ್ಲಿ ನಡೆಸುವ ಪಾಲಿಸೋಮ್ನೋಗ್ರಫಿ ಪರೀಕ್ಷೆಯಲ್ಲಾದರೋ ಮಿದುಳಿನ ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ, ಉಸಿರಾಟ ಮತ್ತು ರಕ್ತದ ಆಮ್ಲಜನಕವನ್ನು ಏಕಕಾಲದಲ್ಲಿ ದಾಖಲಿಸಲಾಗುತ್ತದೆ.

2. ಯಾವ ಅಂಕಿಯನ್ನು ಎಷ್ಟು ನಂಬಬಹುದು?

ಮಲಗಿದ ಹಾಗೂ ಎದ್ದ ವೇಳೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ಎಚ್ಚರವಿದ್ದೂ ಅಲುಗಾಡದೆ ಮಲಗಿದ್ದಲ್ಲಿ ಅದನ್ನೂ ನಿದ್ರೆಯೆಂದು ಎಣಿಸುವ ಸಾಧ್ಯತೆಯಿದೆ. ಗಾಢ ನಿದ್ರೆ, ಕನಸಿನ ನಿದ್ರೆ ಎಂಬ ವಿಂಗಡಣೆಯು ಇನ್ನೂ ಕಡಿಮೆ ನಿಖರ. ಆದ್ದರಿಂದ ಒಂದು ರಾತ್ರಿಯ ಅಂಕಿಗೆ ಮಹತ್ವ ನೀಡದೆ ವಾರಗಳ ಏರಿಳಿತವನ್ನು ಗಮನಿಸತಕ್ಕದ್ದು.

3. ಬಳಸುವ ಕ್ರಮ

ಅ) ಮೊದಲ ಎರಡು ವಾರ ಯಾವ ಬದಲಾವಣೆಯನ್ನೂ ಮಾಡದೆ ಕೇವಲ ದಾಖಲಿಸಿ.
ಆ) ರಜಾ ದಿನಗಳೂ ಸೇರಿದಂತೆ ಪ್ರತಿದಿನ ಒಂದೇ ವೇಳೆಗೆ ಏಳಿ. ವಯಸ್ಕರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಅಗತ್ಯ.
ಇ) ಸಂಜೆಯ ಕಾಫಿ, ಚಹಾ ಬಿಡುವುದು, ಮಲಗುವ ಮುನ್ನ ಮೊಬೈಲ್ ದೂರವಿಡುವುದು ಮುಂತಾದವುಗಳಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಅನುಸರಿಸಿ, ಪರಿಣಾಮವನ್ನು ನೋಡಿ.
ಈ) ಅಂಕಿಯ ಚಿಂತೆಯಿಂದಲೇ ನಿದ್ರೆ ಕೆಡುತ್ತಿದ್ದಲ್ಲಿ ಸಾಧನವನ್ನು ಕೆಲಕಾಲ ತೆಗೆದಿಡಿ. ಈ ತೊಂದರೆಗೆ ಅಮೆರಿಕದ ಸಂಶೋಧಕರು 2017ರಲ್ಲಿ 'ಆರ್ಥೋಸೋಮ್ನಿಯಾ' ಎಂದು ಹೆಸರಿಟ್ಟರು.

4. ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ನಿಂತಂತಾಗುವುದನ್ನು ಮನೆಯವರು ಗಮನಿಸಿರುವುದು, ಬೆಳಿಗ್ಗೆ ತಲೆನೋವು, ಹಗಲಿನಲ್ಲಿ ತಡೆಯಲಾಗದ ತೂಕಡಿಕೆ: ಇವು ಸ್ಲೀಪ್ ಆಪ್ನಿಯಾ ಕಾಯಿಲೆಯ ಲಕ್ಷಣಗಳಾಗಿರಬಹುದು. ಚಿಕಿತ್ಸೆ ಪಡೆಯದಿದ್ದಲ್ಲಿ ಅಧಿಕ ರಕ್ತದೊತ್ತಡ ಹಾಗೂ ಹೃದ್ರೋಗದ ಅಪಾಯವಿದೆ. ವಾಹನ ಚಾಲಕರಿಗೆ ಇದು ತಮ್ಮ ಹಾಗೂ ಇತರರ ಪ್ರಾಣದ ಪ್ರಶ್ನೆಯಾಗಿದ್ದು, ತೂಕಡಿಕೆ ಇರುವಾಗ ವಾಹನ ಚಲಾಯಿಸಬಾರದು.

ಕೆಲವು ಕೈಗಡಿಯಾರಗಳ ಆಪ್ನಿಯಾ ಸೂಚನೆಯ ಸೌಲಭ್ಯಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರಲ್ಲಿ ಅನುಮತಿ ನೀಡಿದೆ. ಆದಾಗ್ಯೂ ಅದು ಮುನ್ಸೂಚನೆ ಮಾತ್ರ. ಸೂಚನೆ ಬಾರದಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಮೇಲಿನ ಲಕ್ಷಣಗಳಿದ್ದಲ್ಲಿ ಸಾಧನವು ಉತ್ತಮ ಅಂಕಿ ತೋರಿಸಿದರೂ ತಪಾಸಣೆ ಮಾಡಿಸಿಕೊಳ್ಳಿ.

5. ಆಸ್ಪತ್ರೆಗೆ ಬರುವಾಗ

ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಭೇಟಿ ಮಾಡಿ. ಎರಡು ವಾರಗಳ ದಾಖಲೆ, ಸೇವಿಸುತ್ತಿರುವ ಔಷಧಗಳ ಪಟ್ಟಿ ಹಾಗೂ ಹಿಂದಿನ ಚಿಕಿತ್ಸಾ ಚೀಟಿಗಳನ್ನು ತನ್ನಿ. ಸಾಧ್ಯವಿದ್ದಲ್ಲಿ ರಾತ್ರಿ ನಿಮ್ಮ ಗೊರಕೆಯನ್ನು ಕಂಡವರನ್ನು ಜೊತೆಯಲ್ಲಿ ಕರೆತನ್ನಿ. ಅಗತ್ಯವಿದ್ದಲ್ಲಿ ನಿದ್ರಾ ಪರೀಕ್ಷೆಗೆ ವೈದ್ಯರೇ ಶಿಫಾರಸು ಮಾಡುತ್ತಾರೆ. ಮಾನಸಿಕ ಒತ್ತಡದಿಂದ ನಿದ್ರೆ ಬಾರದವರು 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು.

ಸೂಚನೆ: ಸಾಧನದ ಅಂಕಿಯನ್ನು ಆಧರಿಸಿ ನಿದ್ರೆ ಮಾತ್ರೆಯನ್ನು ಸ್ವತಃ ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಮಾಡಬಾರದೆಂದು ಕೋರಲಾಗಿದೆ.