ಆಟದ ನಿಯಮವೂ ಲೋಕವಿಮರ್ಶೆಯೂ: ವಿಡಿಯೋ ಆಟಗಳ ಚರಿತ್ರೆಯಲ್ಲಿ ಒಂದು ವಿಚಾರ

ಕಾವ್ಯವು ಲೋಕವನ್ನು ವಿಮರ್ಶಿಸಬಲ್ಲುದೆಂಬುದನ್ನು ಯಾರೂ ಸಂಶಯಿಸುವುದಿಲ್ಲ. ಪ್ರಹಸನವೂ ವಿಡಂಬನೆಯೂ ಆ ಕಾರ್ಯಕ್ಕಾಗಿಯೇ ಹುಟ್ಟಿದವುಗಳು. ಆದರೆ ಆಟವೆಂಬುದು ಕಾಲಕ್ಷೇಪವೆಂದೂ, ಅದರಲ್ಲಿಯೂ ಕಂಪ್ಯೂಟರಿನ ತೆರೆಯ ಮೇಲೆ ಆಡುವ ವಿಡಿಯೋ ಆಟವು ಬಾಲಕರ ಚಾಪಲ್ಯಕ್ಕೆ ಮಾತ್ರ ತಕ್ಕುದೆಂದೂ ಬಹುಕಾಲ ಭಾವಿಸಲ್ಪಟ್ಟಿದ್ದಿತು. ಈ ಭಾವನೆಯು ತೀರ ನಿರಾಧಾರವಾದುದೆನ್ನಲಾಗದು. ಅಂತಹ ಆಟಗಳಲ್ಲಿ ಬಹುಭಾಗವು ವಿನೋದವನ್ನೇ ಕೋರಿ ಮಾರಾಟಕ್ಕೆ ಬಂದಿರುತ್ತದೆ. ಆದರೂ ಕವಿಯು ಮಾತಿನಿಂದ ಹೇಳುವುದನ್ನು ಆಟವು ನಿಯಮದಿಂದ ಹೇಳುತ್ತದೆ. ಓದುಗನು ಪರರ ಕೃತ್ಯವನ್ನು ಕಾಣುತ್ತಾನೆ. ಆಡುವವನು ಆ ಕೃತ್ಯವನ್ನು ತಾನೇ ಮಾಡುತ್ತಾನೆ. ಪರಮಪದ ಸೋಪಾನಪಟವನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಪುಣ್ಯವು ಏಣಿಯಾಗಿಯೂ ಪಾಪವು ಹಾವಾಗಿಯೂ ಇದ್ದ ಆ ಪಟವು ಇಂಗ್ಲೆಂಡಿಗೆ ಹೋಗಿ ಮಕ್ಕಳ ಆಟವಾದಾಗ, ಹಾವು ಏಣಿಗಳು ಉಳಿದು ಪಾಪಪುಣ್ಯಗಳು ಕ್ರಮೇಣ ಅಳಿಸಿಹೋದವು.

ಆಟದ ವಿಮರ್ಶೆಗೆ ಇಂತಹ ಗತಿ ಒದಗುವುದುಂಟೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ವೃತ್ತಾಂತವು ಇನ್ನೂ ಸ್ಪಷ್ಟವಾದ ನಿದರ್ಶನವಾಗಿರುತ್ತದೆ. ಎಲಿಜಬೆತ್ ಮ್ಯಾಗಿ ಎಂಬ ಮಹಿಳೆಯು ಶೀಘ್ರಲಿಪಿಯಲ್ಲಿ ಬರೆದು ಜೀವನ ಸಾಗಿಸುತ್ತಿದ್ದವಳು. ಭೂಮಿಯ ಬೆಲೆಯೊಂದರ ಮೇಲೆಯೇ ತೆರಿಗೆ ವಿಧಿಸಬೇಕೆಂದು ವಾದಿಸಿದ ಹೆನ್ರಿ ಜಾರ್ಜನ ಅನುಯಾಯಿನಿ. ಆಕೆಯು ‘ದಿ ಲ್ಯಾಂಡ್‌ಲಾರ್ಡ್ಸ್ ಗೇಮ್’, ಅಂದರೆ ಜಮೀನ್ದಾರನ ಆಟ, ಎಂಬುದನ್ನು ರಚಿಸಿ ೧೯೦೪ನೆಯ ಜನವರಿ ೫ರಂದು ಅದಕ್ಕೆ ಪೇಟೆಂಟ್ ಪಡೆದಳು. ಬಾಡಿಗೆ ತೆತ್ತು ತೆತ್ತು ಒಬ್ಬೊಬ್ಬರಾಗಿ ದಿವಾಳಿಯೆದ್ದು, ಕೊನೆಗೆ ಎಲ್ಲ ಸ್ವತ್ತೂ ಒಬ್ಬನ ಕೈಸೇರುವುದನ್ನು ಆಡುವವರು ಅನುಭವದಿಂದಲೇ ಅರಿಯಲೆಂಬುದು ಆಕೆಯ ಉದ್ದೇಶ. ಅದೇ ಹಾಸಿನ ಮೇಲೆ, ಸಂಪತ್ತು ಬೆಳೆದಂತೆ ಎಲ್ಲರೂ ಲಾಭ ಹೊಂದುವ ಬೇರೊಂದು ನಿಯಮಾವಳಿಯೂ ಉಂಟು. ಆಟವು ಮನೆಯಿಂದ ಮನೆಗೆ, ಊರಿನಿಂದ ಊರಿಗೆ ಹಬ್ಬಿತು. ಹಬ್ಬುತ್ತ ಹಬ್ಬುತ್ತ ಆ ಎರಡನೆಯ ನಿಯಮಾವಳಿಯು ಬಿಟ್ಟುಹೋಯಿತು. ೧೯೩೫ರಲ್ಲಿ ಪಾರ್ಕರ್ ಬ್ರದರ್ಸ್ ಸಂಸ್ಥೆಯು ಚಾರ್ಲ್ಸ್ ಡ್ಯಾರೋ ಎಂಬವನಿಂದ ಕೊಂಡು ‘ಮೊನೊಪೊಲಿ’ ಎಂದು ಪ್ರಕಟಿಸಿದುದು ಇದರ ರೂಪಾಂತರವನ್ನೇ. ಮ್ಯಾಗಿಯ ಪೇಟೆಂಟಿಗಾಗಿ ಆಕೆಗೆ ದೊರೆತುದು ೫೦೦ ಡಾಲರು. ೧೯೪೮ರಲ್ಲಿ ಆಕೆ ತೀರಿಕೊಂಡಳು. ೧೯೭೦ರ ದಶಕದಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕನು ಹೂಡಬೇಕಾಗಿ ಬಂದ ವ್ಯಾಜ್ಯದ ದೆಸೆಯಿಂದ ಈ ಪೂರ್ವಚರಿತ್ರೆಯು ಬೆಳಕಿಗೆ ಬಂದಿತು. ದೋಷವೆಂದು ತೋರಿಸಹೊರಟುದೇ ಗೆಲುವಿನ ಆನಂದವಾಗಿ ಪರಿಣಮಿಸಿತು. ನಿಯಮಗಳಾದರೋ ಹೆಚ್ಚಾಗಿ ಬದಲಾಗಿರಲಿಲ್ಲ.

ವಿಡಿಯೋ ಆಟಗಳಿಗೂ ಇದೇ ಸಂಕಟವು ಒದಗಿತು. ೧೯೮೦ರಲ್ಲಿ ಅಟಾರಿ ಸಂಸ್ಥೆಗಾಗಿ ಡೇವ್ ಥ್ಯೂರರ್ ರಚಿಸಿದ ‘ಮಿಸೈಲ್ ಕಮಾಂಡ್’ ಎಂಬುದರಲ್ಲಿ ಆರು ನಗರಗಳ ಮೇಲೆ ಅಣ್ವಸ್ತ್ರಗಳು ಸುರಿಯುತ್ತವೆ. ಆಡುವವನಿಗೆ ಇರುವುದು ರಕ್ಷಣೆಯ ಅಧಿಕಾರ ಮಾತ್ರ, ಪ್ರತಿದಾಳಿಗೆ ಅವಕಾಶವಿಲ್ಲ. ಎಷ್ಟು ಚಾತುರ್ಯವಿದ್ದರೂ ನಗರಗಳು ಕಡೆಗೆ ನಾಶವಾಗಲೇಬೇಕು. ಆಗ ತೆರೆಯ ಮೇಲೆ ಆಟ ಮುಗಿಯಿತೆಂಬ ವಾಡಿಕೆಯ ಮಾತು ಬಾರದೆ, ಬರಿಯ ‘ಅಂತ್ಯ’ವೆಂಬರ್ಥದ ಮಾತು ಮೂಡುತ್ತದೆ. ಇದನ್ನು ರಚಿಸುವಾಗ ಅಣ್ವಸ್ತ್ರದಾಳಿಯ ದುಃಸ್ವಪ್ನಗಳು ತನ್ನನ್ನು ಕಾಡಿದವೆಂದು ಥ್ಯೂರರನೇ ಹೇಳಿರುತ್ತಾನೆ. ನಾಣ್ಯ ಹಾಕಿ ಆಡಿದ ಹುಡುಗರಲ್ಲಿ ಎಷ್ಟು ಮಂದಿಗೆ ಆ ದುಃಸ್ವಪ್ನದ ಲೇಶವಾದರೂ ಮುಟ್ಟಿತೋ, ಅಂಕಗಳ ಲೆಕ್ಕದಲ್ಲಿಯೇ ಎಷ್ಟು ಮಂದಿ ಮಗ್ನರಾದರೋ! ಕ್ರಿಸ್ ಕ್ರಾಫರ್ಡನ ‘ಬ್ಯಾಲೆನ್ಸ್ ಆಫ್ ಪವರ್’ (೧೯೮೫) ಈ ಅಪಾಯವನ್ನು ಅರಿತಂತೆ ತೋರುತ್ತದೆ. ಅದರಲ್ಲಿ ಮಹಾಯುದ್ಧವು ಸಿಡಿದರೆ ಸ್ಫೋಟದ ಚಿತ್ರವೇ ಇಲ್ಲ. ಸೋಲಿಗೆ ಬಹುಮಾನವಿಲ್ಲವೆಂದು ತಿಳಿಸುವ ಕಪ್ಪು ತೆರೆಯೊಂದೇ.

ವಿಮರ್ಶಿಸುವ ಸಂಕಲ್ಪವಿಲ್ಲದ ಆಟದಲ್ಲಿಯೂ ಮತವೊಂದು ಅಡಗಿರುವುದುಂಟು. ವಿಲ್ ರೈಟನ ‘ಸಿಮ್‌ಸಿಟಿ’ (೧೯೮೯) ನಗರನಿರ್ಮಾಣದ ಮನೋಹರವಾದ ಆಟ. ಅದರ ಹಿನ್ನೆಲೆಯಲ್ಲಿ ಜೇ ಫಾರೆಸ್ಟರನು ೧೯೬೯ರಲ್ಲಿ ಪ್ರಕಟಿಸಿದ ನಗರಶಾಸ್ತ್ರಗ್ರಂಥದ ಪ್ರಭಾವವುಂಟು. ಇಂತಹ ಆಟದ ಗಣಿತದೊಳಗೆ ಹುದುಗಿರುವ ಸಿದ್ಧಾಂತಗಳನ್ನು ಆಡುವವರು ಪರೀಕ್ಷಿಸದೆಯೇ ಒಪ್ಪಿಬಿಡುತ್ತಾರೆಂದು ಸಮಾಜಶಾಸ್ತ್ರಜ್ಞ ಪಾಲ್ ಸ್ಟಾರ್ ೧೯೯೪ರಲ್ಲಿ ಆಕ್ಷೇಪಿಸಿದನು. ಆಕ್ಷೇಪವು ಯುಕ್ತವಾದುದೇ. ಪುಸ್ತಕದಲ್ಲಿನ ವಾದವನ್ನು ಪುಟ ತಿರುವಿ ಖಂಡಿಸಬಹುದು. ಯಂತ್ರದೊಳಗಿನ ವಾದವು ಕಣ್ಣಿಗೇ ಬೀಳುವುದಿಲ್ಲ.

ಉರುಗ್ವೆ ದೇಶದ ಗೊನ್ಸಾಲೊ ಫ್ರಾಸ್ಕನು ೨೦೦೩ರಲ್ಲಿ ‘ಸೆಪ್ಟೆಂಬರ್ ಟ್ವೆಲ್ಫ್ತ್’ ಎಂಬುದನ್ನು ಬೇರೊಂದು ಬಗೆಯಲ್ಲಿ ರಚಿಸಿದನು. ಒಂದು ಪೇಟೆಯಲ್ಲಿ ಜನರ ನಡುವೆ ಕೆಲವರು ಆಯುಧಧಾರಿಗಳು ತಿರುಗುತ್ತಿರುತ್ತಾರೆ. ಕ್ಷಿಪಣಿಯನ್ನು ಬಿಟ್ಟರೆ ಅದು ತಡವಾಗಿ ತಲಪಿ ನಿರಪರಾಧಿಗಳನ್ನೂ ಕೊಲ್ಲುತ್ತದೆ. ಸತ್ತವರಿಗಾಗಿ ಅಳುವವರು ತಾವೇ ಆಯುಧಧಾರಿಗಳಾಗುತ್ತಾರೆ. ಬಿಡದಿದ್ದರೆ ಹಾನಿಯಿಲ್ಲ. ಗೆಲುವೆಂಬುದು ಇಲ್ಲವೇ ಇಲ್ಲವಾದ್ದರಿಂದ ಮ್ಯಾಗಿಯ ಆಟಕ್ಕಾದ ವಿಪರ್ಯಾಸವು ಇದಕ್ಕೆ ಆಗಲಾರದು. ಆದರೆ ವಿನೋದವೂ ಇಲ್ಲವಾಗಿ, ಎರಡನೆಯ ಬಾರಿ ಆಡುವವರು ವಿರಳವೆನ್ನಬೇಕು.

ವಿನೋದ ವಿಮರ್ಶೆಗಳೆರಡೂ ಒಂದರೊಳಗೊಂದು ಬೆಸೆದಿರುವ ಕೃತಿಯೆಂದರೆ ೨೦೧೩ರ ಆಗಸ್ಟಿನಲ್ಲಿ ಹೊರಬಂದ ‘ಪೇಪರ್ಸ್, ಪ್ಲೀಸ್’. ಇದರ ಕರ್ತೃವಾದ ಲೂಕಸ್ ಪೋಪನು ಆಗ ಜಪಾನಿನಲ್ಲಿ ನೆಲೆಸಿದ್ದ ಅಮೆರಿಕನ್ನನು. ೧೯೮೨ನೆಯ ಇಸವಿ, ಆರ್ಸ್ಟೊಟ್ಜ್ಕಾ ಎಂಬ ಕಲ್ಪಿತ ರಾಜ್ಯ, ಚೀಟಿ ಎತ್ತಿ ಗಡಿಯ ಕಟ್ಟೆಯಲ್ಲಿ ಉದ್ಯೋಗ ಪಡೆದ ಒಬ್ಬ ಗುಮಾಸ್ತನೇ ಆಡುವವನು. ಬಂದವರ ರಹದಾರಿ, ಮುದ್ರೆ, ದಿನಾಂಕ, ಭಾವಚಿತ್ರಗಳನ್ನು ತಾಳೆ ನೋಡಿ ಒಳಗೆ ಬಿಡುವುದೋ ತಡೆಯುವುದೋ ಅವನ ಕೆಲಸ. ಸರಿಯಾಗಿ ವಿಲೇವಾರಿ ಮಾಡಿದ ತಲೆಯೊಂದಕ್ಕೆ ೫ ನಾಣ್ಯ. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ, ಆಮೇಲೆ ದಂಡ. ಸಂಜೆಗೆ ಆ ಹಣದಲ್ಲಿಯೇ ಮನೆಯ ಬಾಡಿಗೆ, ಅನ್ನ, ಚಳಿಗೆ ಬೆಂಕಿ, ಕಾಯಿಲೆಯಾದವರಿಗೆ ಔಷಧ. ನಿಯಮಗಳಾದರೋ ದಿನೇ ದಿನೇ ಹೆಚ್ಚುತ್ತವೆ. ತಪ್ಪನ್ನು ಹಿಡಿಯುವುದರಲ್ಲಿ ಒಂದು ಒಗಟು ಬಿಡಿಸಿದ ಸುಖವಿದೆ. ಆ ಸುಖವೇ ಬಲೆ. ಒಂದು ದಿನ ಪತಿಯ ಕಾಗದಗಳು ಸರಿಯಾಗಿದ್ದು ಅವನು ಒಳಗೆ ಹೋಗುತ್ತಾನೆ. ಹಿಂದೆಯೇ ಬಂದ ಪತ್ನಿಯ ಬಳಿ ಪ್ರವೇಶಪತ್ರವಿಲ್ಲ. ಬಿಟ್ಟರೆ ತಪ್ಪಿನ ಲೆಕ್ಕಕ್ಕೆ ಒಂದು ಸೇರುತ್ತದೆ, ತಡೆದರೆ ಸಂಸಾರವೊಂದು ಒಡೆಯುತ್ತದೆ. ಸಾಲಿನಲ್ಲಿ ಜನ ಕಾದಿದ್ದಾರೆ, ಗಡಿಯಾರ ಓಡುತ್ತಿದೆ. ಸಾಮಾನ್ಯನಾದ, ದುಷ್ಟನಲ್ಲದ ಗುಮಾಸ್ತನು ಕ್ರೌರ್ಯದ ಯಂತ್ರಕ್ಕೆ ಹೇಗೆ ಅಂಗವಾಗುತ್ತಾನೆಂಬುದನ್ನು ಎಷ್ಟೋ ಕಾದಂಬರಿಗಳು ವರ್ಣಿಸಿವೆ. ಇಲ್ಲಿ ವರ್ಣನೆಯೇ ಇಲ್ಲ. ವೇಗವಾಗಿ ಮುದ್ರೆ ಒತ್ತಿದ ಕೈ ಆಡುವವನದೇ. ಮೊನೊಪೊಲಿಯನ್ನು ಆಡಿದವನು ಗೆದ್ದು ನಗುತ್ತಾನೆ. ಇದನ್ನು ಚೆನ್ನಾಗಿ ಆಡಿದವನು ತನ್ನ ನೈಪುಣ್ಯಕ್ಕೆ ತಾನೇ ಅಳುಕುತ್ತಾನೆ. ೨೦೧೪ರಲ್ಲಿ ಸ್ವತಂತ್ರ ಆಟಗಳ ಉತ್ಸವದ ಪರಮಪ್ರಶಸ್ತಿಯು ಇದಕ್ಕೆ ಸಂದಿತು.

ಇಂತಹ ಕೃತಿಗಳಿಗೆ ವಾಕ್ಸ್ವಾತಂತ್ರ್ಯದ ರಕ್ಷಣೆಯುಂಟೇ ಎಂಬ ಪ್ರಶ್ನೆಯನ್ನು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ೨೦೧೧ನೆಯ ಜೂನ್ ೨೭ರಂದು ನಿರ್ಣಯಿಸಿತು. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತವಯಸ್ಕರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಶಾಸನವು ೭ಕ್ಕೆ ೨ರ ಬಹುಮತದಿಂದ ರದ್ದಾಯಿತು; ಗ್ರಂಥ ನಾಟಕ ಚಲಚ್ಚಿತ್ರಗಳಂತೆ ಆಟಗಳೂ ವಿಚಾರಗಳನ್ನು ತಿಳಿಸುತ್ತವೆಂದು ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಒಪ್ಪಿದನು. ಆದರೆ ಈ ರಕ್ಷಣೆಯು ಸರ್ಕಾರಕ್ಕೆ ಎದುರಾಗಿ ಮಾತ್ರ; ಅಂಗಡಿಯ ಒಡೆಯನಿಗೆ ಅದು ಅನ್ವಯಿಸುವುದಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊಲ್ಲೆಇಂಡುಸ್ಟ್ರಿಯಾ ಎಂಬ ಇಟಲಿ ಮೂಲದ ತಂಡವು, ಕಾಂಗೋ ದೇಶದ ಗಣಿಗಳ ಬಾಲಕಾರ್ಮಿಕರಿಂದ ಮೊದಲುಗೊಂಡು ಕೈಫೋನಿನ ಹುಟ್ಟನ್ನು ತೋರಿಸುವ ‘ಫೋನ್ ಸ್ಟೋರಿ’ ಎಂಬ ಆಟವನ್ನು ಕೈಫೋನಿಗಾಗಿಯೇ ಪ್ರಕಟಿಸಲು, ಆಪಲ್ ಸಂಸ್ಥೆಯು ಕೆಲವೇ ದಿನಗಳಲ್ಲಿ ಅದನ್ನು ತನ್ನ ಮಳಿಗೆಯಿಂದ ತೆಗೆದುಹಾಕಿತು. ೨೦೧೪ರ ಡಿಸೆಂಬರಿನಲ್ಲಿ ‘ಪೇಪರ್ಸ್, ಪ್ಲೀಸ್’ ಅದೇ ಮಳಿಗೆಗೆ ಬಂದಾಗಲೂ ತಪಾಸಣೆಗೆ ಸಿಕ್ಕಿತು. ಗಡಿಯಲ್ಲಿ ಪ್ರಯಾಣಿಕರ ಮೈಶೋಧನೆಯನ್ನು ತೋರಿಸುವ ನಗ್ನಚಿತ್ರಗಳು ಅಶ್ಲೀಲವೆಂದು ಆಕ್ಷೇಪ ಬಂದುದರಿಂದ ಪೋಪನು ಅವುಗಳನ್ನು ತೆಗೆಯಬೇಕಾಯಿತು. ಅನಂತರ ಆಕ್ಷೇಪವು ಹಿಂತೆಗೆಯಲ್ಪಟ್ಟು, ಚಿತ್ರಗಳು ಮರಳಿ ಸೇರಿದವು.