ಖಾಕಿ ಸೀರೆಯಿಂದ ಖಡಕವಾಸ್ಲಾಕ್ಕೆ

ಪುಣೆ ಕ್ಯಾಂಪಿನ ಫ್ಯಾಷನ್ ಸ್ಟ್ರೀಟಿನಲ್ಲಿ ಹುಡುಗಿಯರು ಚೌಕಾಸಿ ಮಾಡಿ ಕೊಳ್ಳುವ ಕಾರ್ಗೋ ಪ್ಯಾಂಟಿಗೆ ತೊಡೆಯ ಮೇಲೊಂದು ದೊಡ್ಡ ಜೇಬಿರುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನಿಕರ ಪ್ಯಾಂಟಿಗೆ ಅಂಥ ಜೇಬನ್ನು ಹೊಲಿದದ್ದು ನಕ್ಷೆ ಇಟ್ಟುಕೊಳ್ಳಲೆಂದು. ಹೆಗಲ ಪಟ್ಟಿಯ ಟ್ರೆಂಚ್ ಕೋಟಿನ ಕಥೆಯೂ ಇದೇ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಅಧಿಕಾರಿಗಳು ಮಳೆಗೆ ತೊಡುತ್ತಿದ್ದ ಕೋಟು ಕಾಲಕ್ರಮದಲ್ಲಿ ಹೆಂಗಸರ ಕಪಾಟನ್ನೂ ಸೇರಿತು.

ಪುಣೆಯಲ್ಲಿ ಹೆಂಗಸರ ಉಡುಪಿಗೂ ದಂಡಿಗೂ ಇನ್ನೂ ಹಳೆಯ ನಂಟು ಕಟ್ಟುವವರಿದ್ದಾರೆ. ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ನವವಾರಿ ಸೀರೆ ಕುದುರೆ ಏರಲೆಂದೇ ಹುಟ್ಟಿತು ಎನ್ನುವುದು ಅಲ್ಲಿನ ಹೆಮ್ಮೆಯ ಮಾತು. ಆದರೆ ಅದೇ ಕಚ್ಚೆಯಲ್ಲಿ ಕೊಂಕಣದ ಬೆಸ್ತರ ಹೆಂಗಸರು ಮೀನು ಮಾರಿದ್ದಾರೆ, ಬೆಳಗಾವಿ ಸೀಮೆಯ ಹೆಂಗಸರು ಹೊಲದಲ್ಲಿ ಕಳೆ ತೆಗೆದಿದ್ದಾರೆ. ಕಾಲು ಬೀಸಿ ನಡೆಯುವ ಉಡುಪನ್ನು ಅವರಿಗೆ ಸೈನ್ಯವೇ ಕಲಿಸಬೇಕಿರಲಿಲ್ಲ.

ಸೈನ್ಯವೇ ಒಮ್ಮೆ ಸೀರೆಗೆ ತಲೆಬಾಗಿತು. 1942ರಲ್ಲಿ ಮಹಿಳಾ ಸಹಾಯಕ ದಳ ಕಟ್ಟಿದಾಗ ಗುಮಾಸ್ತೆಯರಾಗಿ, ಟೆಲಿಫೋನ್ ಆಪರೇಟರುಗಳಾಗಿ ಸೇರಿದ ಅನೇಕ ಭಾರತೀಯ ಹೆಂಗಸರು ಖಾಕಿ ಸೀರೆಯನ್ನೇ ಸಮವಸ್ತ್ರವಾಗಿ ಉಟ್ಟರು. ಯುದ್ಧ ಮುಗಿಯಿತು, ದಳ ಬರಖಾಸ್ತಾಯಿತು. 1950ರ ಸೇನಾ ಕಾಯ್ದೆಯ ಪ್ರಕಾರ ಸರ್ಕಾರ ಅಧಿಸೂಚಿಸಿದ ವಿಭಾಗಗಳಿಗಷ್ಟೇ ಹೆಂಗಸರು ಸೇರಬಹುದಿತ್ತು. ದಶಕಗಳ ಕಾಲ ಅವರಿಗೆ ತೆರೆದಿದ್ದುದು ಹೆಚ್ಚಾಗಿ ಶುಶ್ರೂಷೆ ಮತ್ತು ವೈದ್ಯಕೀಯ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಪುನೀತಾ ಅರೋರಾ 2004ರಲ್ಲಿ ದೇಶದ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಆದರು. ಸೈನ್ಯದ ಇತರ ಕೆಲವು ಶಾಖೆಗಳು ಹೆಂಗಸರನ್ನು ಅಧಿಕಾರಿಗಳಾಗಿ ಸೇರಿಸಿಕೊಳ್ಳಲು 1992ರಲ್ಲಿ ಶುರುಮಾಡಿದವು.

ಆದರೂ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಹುಡುಗರಿಗಷ್ಟೇ ಮೀಸಲಾಗಿ ಉಳಿಯಿತು. ಊರೊಳಗೆ ಹುಡುಗಿಯರು ಸೈನಿಕರ ಜೇಬು, ಹೆಗಲ ಪಟ್ಟಿ, ಹಸಿರು ಮಚ್ಚೆಯ ಬಟ್ಟೆ ಎಲ್ಲವನ್ನೂ ಕೊಂಡು ತೊಡಬಹುದಿತ್ತು. ಊರಾಚೆಯ ಅಕಾಡೆಮಿಗೆ ಪರೀಕ್ಷೆ ಬರೆಯುವಂತಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟ ಮೇಲೆ ಬಾಗಿಲು ತೆರೆಯಿತು. 2022ರಲ್ಲಿ ಮೊದಲ ತಂಡ ಒಳಗೆ ಕಾಲಿಟ್ಟಿತು.

2025ರ ಮೇ 30ರಂದು ಆ ತಂಡದ 17 ಹುಡುಗಿಯರು ಮುನ್ನೂರಕ್ಕೂ ಹೆಚ್ಚು ಹುಡುಗರೊಂದಿಗೆ ಹೆಜ್ಜೆ ಹಾಕಿ ಹೊರಬಂದರು. ಪೇಟೆಯಲ್ಲಿ ಸೈನಿಕನ ಜೇಬಿಗೆ ಯಾರೂ ಅರ್ಹತೆ ಕೇಳಿರಲಿಲ್ಲ. ಖಡಕವಾಸ್ಲಾದ ಸಮವಸ್ತ್ರಕ್ಕೆ ಅವರು ಪ್ರವೇಶ ಪರೀಕ್ಷೆ ಗೆದ್ದು, ಮೂರು ವರ್ಷ ತರಬೇತಿ ಪಡೆಯಬೇಕಾಯಿತು. ಅದಕ್ಕೂ ಮೊದಲು ಆ ಪರೀಕ್ಷೆ ಬರೆಯುವ ಹಕ್ಕಿಗಾಗಿಯೇ ಯಾರೋ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿತ್ತು.