ಕೊಂಡ ವಸ್ತುವನ್ನು ಮರಳಿಸುವ ಧರ್ಮ

ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬ ಸಾಲು ನಮ್ಮ ಅಂಗಡಿಗಳ ರಸೀತಿಗಳಲ್ಲಿ ಬಹುಕಾಲದಿಂದ ಅಚ್ಚಾಗುತ್ತ ಬಂದಿದೆ. ಮದುವೆಗೆಂದು ಕೊಂಡ ಸೀರೆಯನ್ನು ಉಟ್ಟು, ಸಮಾರಂಭ ಮುಗಿದು ಹಲವು ದಿನಗಳಾದ ಮೇಲೆ, ಮಡಿಕೆ ಸರಿಪಡಿಸಿ ಅದೇ ಅಂಗಡಿಗೆ ಮರಳಿಸುವವರೂ ಉಂಟು. ಒಂದೆಡೆ ಮಾರುವವನ ಹಠ, ಇನ್ನೊಂದೆಡೆ ಕೊಳ್ಳುವವನ ಜಾಣತನ. ಇವೆರಡರ ನಡುವೆ ಧರ್ಮದ ಗೆರೆ ಎಲ್ಲಿದೆ? ಪ್ರಶ್ನೆ ಹೊಸದಲ್ಲ. ನಮ್ಮ ದೇಶದ ಶಾಸ್ತ್ರಕಾರರು ಬಹು ಪ್ರಾಚೀನ ಕಾಲದಲ್ಲಿಯೇ ಇದನ್ನು ವಿಚಾರಿಸಿದ್ದರು.

ಅವರು ಈ ವಿವಾದಕ್ಕೆ ಕೊಟ್ಟ ಹೆಸರೇ ಅರ್ಥಪೂರ್ಣವಾಗಿದೆ. ಕೊಂಡ ಬಳಿಕ ಮನಸ್ಸಿನಲ್ಲಿ ಮೂಡುವ ಪಶ್ಚಾತ್ತಾಪಕ್ಕೆ ‘ಅನುಶಯ’ ಎಂದು ಹೆಸರು. ಕ್ರಯವಿಕ್ರಯಗಳ ಅನುಶಯವು ಮನುಸ್ಮೃತಿಯ 18 ವಿವಾದಪದಗಳಲ್ಲೊಂದು. ಕೌಟಿಲ್ಯನ ಅರ್ಥಶಾಸ್ತ್ರವು ಇಂತಹ ಪಶ್ಚಾತ್ತಾಪಕ್ಕೆ ವರ್ತಕರಿಗೆ ಒಂದು ರಾತ್ರಿಯ, ಕೃಷಿಕರಿಗೆ ಮೂರು ರಾತ್ರಿಗಳ, ಗೋಪಾಲಕರಿಗೆ ಐದು ರಾತ್ರಿಗಳ ಅವಧಿಯನ್ನು ಕೊಡುತ್ತದೆ. ಮನುಸ್ಮೃತಿಯ ಪ್ರಕಾರ ಕೊಂಡವನಾಗಲಿ ಮಾರಿದವನಾಗಲಿ 10 ದಿನಗಳೊಳಗೆ ವ್ಯವಹಾರವನ್ನು ಹಿಂದೆಗೆದುಕೊಳ್ಳಬಹುದು. ಅವಧಿ ಮೀರಿದ ಮೇಲೆ ಬಲವಂತದಿಂದ ಹಾಗೆ ಮಾಡಿದವನಿಗೆ 600 ಪಣಗಳ ದಂಡ.

ಯಾಜ್ಞವಲ್ಕ್ಯ ಸ್ಮೃತಿಯು ವಸ್ತುವಿಗೆ ತಕ್ಕಂತೆ ಪರೀಕ್ಷೆಯ ಕಾಲವನ್ನು ವಿಂಗಡಿಸಿತು. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಹಾಲು ಕರೆಯುವ ಹಸುವಿಗೆ 3 ದಿನ. ಬೀಜ ಮೊಳೆಯಬೇಕು, ಎತ್ತು ನೊಗ ಹೊರಬೇಕು, ಹಸು ಕೆಲವು ಹೊತ್ತಾದರೂ ಹಾಲು ಕೊಡಬೇಕು. ಆಗಲ್ಲವೆ ಗುಣದೋಷ ತಿಳಿಯುವುದು? ಈ ಪಟ್ಟಿಯಲ್ಲಿ ದಾಸದಾಸಿಯರೂ ಸೇರಿದ್ದರೆಂಬುದನ್ನು ಮರೆಮಾಚಬಾರದು. ಆ ಕಾಲದ ನ್ಯಾಯಕ್ಕೂ ತನ್ನದೇ ಆದ ಕುರುಡು ಇತ್ತು. ಆದರೂ ಅವಧಿಯ ಹಿಂದಿನ ತತ್ತ್ವ ಸ್ಪಷ್ಟವಾಗಿದೆ: ಅದು ಪರೀಕ್ಷೆಗಾಗಿ ಕೊಟ್ಟ ಕಾಲ, ಭೋಗಕ್ಕಾಗಿ ಕೊಟ್ಟ ಕಾಲವಲ್ಲ.

ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನ ಕಲ್ಯಾಣದಲ್ಲಿದ್ದವನು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಮನುವಿನ 10 ದಿನಗಳಿಗೂ ಯಾಜ್ಞವಲ್ಕ್ಯನ ಬೇರೆ ಬೇರೆ ಅವಧಿಗಳಿಗೂ ಇರುವ ವಿರೋಧವನ್ನು ಅವನು ಬಿಡಿಸಿದ ರೀತಿ ಗಮನಾರ್ಹ. ಮನೆ, ಹೊಲ, ವಾಹನ, ಹಾಸಿಗೆ ಮೊದಲಾದ, ಉಪಭೋಗದಿಂದ ನಾಶವಾಗದ ವಸ್ತುಗಳಿಗೆ ಮನುವಿನ ನಿಯಮ ಸಲ್ಲುತ್ತದೆ ಎಂದು ಅವನು ವಿವರಿಸುತ್ತಾನೆ. ಬಳಕೆಯಿಂದ ವಸ್ತು ಸವೆಯುವುದೇ ಎಂಬುದು ಇಲ್ಲಿ ಮುಖ್ಯವಾಯಿತು.

ನಾರದಸ್ಮೃತಿಯು ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿದೆ. ಕೊಂಡ ದಿನವೇ ವಸ್ತುವನ್ನು ಕೆಡದಂತೆ ಮರಳಿಸಿದರೆ ಪೂರ್ಣ ಬೆಲೆ; ಎರಡನೆಯ ದಿನವಾದರೆ ಬೆಲೆಯ ಮೂವತ್ತನೆಯ ಒಂದು ಪಾಲು ನಷ್ಟ; ಮೂರನೆಯ ದಿನ ಅದರ ಇಮ್ಮಡಿ; ಆಮೇಲೆ ಅದು ಕೊಂಡವನದೇ. ತಾನೇ ಪರೀಕ್ಷಿಸಿ ಮೆಚ್ಚಿ ಕೊಂಡದ್ದನ್ನು ಮರಳಿಸಲಾಗದು. ಬಟ್ಟೆಯ ಪರೀಕ್ಷೆಗೆ ಒಂದೇ ದಿನ. ಒಮ್ಮೆ ಒಗೆದ ಬಟ್ಟೆಯ ಬೆಲೆಯಲ್ಲಿ ಎಂಟನೆಯ ಒಂದು ಪಾಲು ಇಳಿಯುತ್ತದೆಂದೂ ಆ ಗ್ರಂಥ ಗುರುತಿಸುತ್ತದೆ. ತಡವಾದಷ್ಟೂ ಯಾರಿಗೋ ನಷ್ಟವಾಗುತ್ತದೆ. ಆ ನಷ್ಟವನ್ನು ತಡಮಾಡಿದವನೇ ಹೊರಬೇಕೆಂಬುದು ಇದರ ಸಾರ.

ರಾಜನ ದಂಡನೀತಿ ಇಲ್ಲಿಗೆ ಮುಗಿಯುತ್ತದೆ. ಅಣುವ್ರತಿಯಾದ ಶ್ರಾವಕನ ವಿಚಾರ ಇಲ್ಲಿಂದ ಮುಂದೆ ತೊಡಗಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕೊಡದಿದ್ದುದನ್ನು ತೆಗೆದುಕೊಳ್ಳುವುದನ್ನೇ ಕಳ್ಳತನವೆಂದು ಕರೆಯುತ್ತದೆ. ಅಂಗಡಿಯವನು ಸೀರೆಯನ್ನು ಬೆಲೆಗೆ ಕೊಟ್ಟನು. ಒಂದು ದಿನದ ಉಡುಗೆಯನ್ನು ಉಚಿತವಾಗಿ ಕೊಡಲಿಲ್ಲ. ಉಟ್ಟುದನ್ನು ಮುಚ್ಚಿಟ್ಟು ಪೂರ್ಣ ಹಣ ಪಡೆದವನು ಸೀರೆಯನ್ನು ಮರಳಿಸಿದರೂ ಅದರ ಉಪಭೋಗವನ್ನು ಅದತ್ತವಾಗಿಯೇ ತೆಗೆದುಕೊಂಡಂತಾಯಿತು. ಅಚೌರ್ಯದೊಡನೆ ಸತ್ಯಕ್ಕೂ ಭಂಗ ಬಂದಿತು. ‘ಉಟ್ಟಿದ್ದೇನೆ, ಇಂತಿಷ್ಟು ದಿನವಾಯಿತು’ ಎಂದು ಇದ್ದುದನ್ನು ಇದ್ದಂತೆ ಹೇಳಿದಾಗ ವ್ಯಾಪಾರಿಯು ಸಂತೋಷದಿಂದ ಸ್ವೀಕರಿಸಿದರೆ ಅದು ದತ್ತ, ಅಲ್ಲಿ ದೋಷವಿಲ್ಲ.

ವಸ್ತುವಿನಲ್ಲಿ ನಿಜವಾಗಿಯೂ ದೋಷವಿದ್ದು, ಅದು ತಡವಾಗಿ ಕಂಡರೆ? ಕಂಡ ಕೂಡಲೆ ತಿಳಿಸುವುದು ಕರ್ತವ್ಯ. ಮೊದಲ ದಿನವೇ ಕಂಡದ್ದನ್ನು ತಿಂಗಳುಗಟ್ಟಲೆ ಉದಾಸೀನ ಮಾಡಿ, ಬಳಸುತ್ತಲೇ ಇದ್ದು ಬಳಿಕ ದೂರುವುದು ಪ್ರಮಾದ. ನಮ್ಮ ಪ್ರಮಾದದ ಫಲವನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯಬಾರದು. ಅವಧಿ ಮೀರಿದ್ದರೆ ಹಕ್ಕಿನ ಧ್ವನಿಯನ್ನು ಬಿಟ್ಟು ವಿನಯದಿಂದ ಕೇಳಬೇಕು. ಒಪ್ಪದಿದ್ದರೆ ಕೋಪವಿಲ್ಲದೆ ಮರಳಬೇಕು.

ವ್ಯಾಪಾರಿಗೂ ಇಷ್ಟೇ ಕಟ್ಟುನಿಟ್ಟು. ಒಳ್ಳೆಯದನ್ನು ತೋರಿಸಿ ಕೆಟ್ಟುದನ್ನು ಕೊಟ್ಟವನು ಇಮ್ಮಡಿ ಬೆಲೆ ತೆರಬೇಕೆಂದು ನಾರದಸ್ಮೃತಿ ವಿಧಿಸುತ್ತದೆ. ಕಲಬೆರಕೆಯನ್ನೂ ಹುಸಿ ಅಳತೆಯನ್ನೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ದೋಷವನ್ನು ಬಲ್ಲ ಮಾರಾಟಗಾರನಿಗೆ ರಸೀತಿಯ ಸಾಲು ರಕ್ಷೆಯಾಗಲಾರದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ದೋಷಯುಕ್ತ ಸರಕನ್ನು ರಸೀತಿಯಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ.

ಕಾನೂನು ದಿನಗಳನ್ನು ಎಣಿಸುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ. ವ್ರತವು ಪರಿಣಾಮವನ್ನು, ಅಂದರೆ ಮನದ ಭಾವವನ್ನು ನೋಡುತ್ತದೆ. ಅವಧಿಯೊಳಗೆ ಮರಳಿಸಿದ್ದೂ ಕಳವಾಗಬಹುದು, ಅವಧಿ ಮೀರಿ ಮರಳಿಸಿದ್ದೂ ನಿರ್ದೋಷವಾಗಬಹುದು. ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತುವ ಮುನ್ನ ಶ್ರಾವಕನು ತನ್ನನ್ನೇ ಕೇಳಿಕೊಳ್ಳಬೇಕು: ದೋಷವಿರುವುದು ವಸ್ತುವಿನಲ್ಲಿಯೋ, ನನ್ನ ಮನಸ್ಸಿನಲ್ಲಿಯೋ? ಮನಸ್ಸಿನಲ್ಲಿದ್ದರೆ ಅದನ್ನು ಯಾವ ಅಂಗಡಿಗೂ ಮರಳಿಸಲಾಗದು.